ಹೊಗೆಯ ಬಿಲ್ ಕಟ್ಟಿದವರು ಯಾರು? ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳ ಪ್ರಕರಣ

ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊ ಕೊಲ್ಲಿಯಲ್ಲಿ ಎರಡು ಬಂದರುಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಒಂದು ಲಾಸ್ ಏಂಜಲೀಸ್ ನಗರದ್ದು, ಇನ್ನೊಂದು ಲಾಂಗ್ ಬೀಚ್ ನಗರದ್ದು. ಅಮೆರಿಕಕ್ಕೆ ಕಂಟೇನರ್‌ನಲ್ಲಿ ಬರುವ ಆಮದಿನ ದೊಡ್ಡ ಪಾಲು ಇಳಿಯುವುದು ಇಲ್ಲಿ. ಇಪ್ಪತ್ತಡಿ ಕಂಟೇನರ್‌ಗಳ ಲೆಕ್ಕದಲ್ಲಿ 2005ರಲ್ಲಿ ಎರಡೂ ಸೇರಿ ಸುಮಾರು 1.4 ಕೋಟಿ, 2024ರಲ್ಲಿ ಹೆಚ್ಚುಕಡಿಮೆ 2 ಕೋಟಿ. ಈ ಸರಕನ್ನು ಎತ್ತಿ, ಇಳಿಸಿ, ಎಳೆದು ಸಾಗಿಸುವ ಕೆಲಸವನ್ನೆಲ್ಲ ದಶಕಗಳ ಕಾಲ ಮಾಡಿದ್ದು ಡೀಸೆಲ್ ಎಂಜಿನ್‌ಗಳು. ಹಡಗಿನಲ್ಲಿ ಡೀಸೆಲ್, ಅದನ್ನು ದಡಕ್ಕೆ ತರುವ ಟಗ್‌ನಲ್ಲಿ ಡೀಸೆಲ್, ಯಾರ್ಡಿನ ಟ್ರ್ಯಾಕ್ಟರ್, ರೈಲು, ಲಾರಿ ಎಲ್ಲದರಲ್ಲೂ ಡೀಸೆಲ್.

ಬಂದರಿನ ಬೇಲಿಯಾಚೆಗೇ ಜನವಸತಿ. ವಿಲ್ಮಿಂಗ್ಟನ್, ಸ್ಯಾನ್ ಪೆಡ್ರೊ, ಪಶ್ಚಿಮ ಲಾಂಗ್ ಬೀಚ್. ಬಂದರಿನಿಂದ ಉತ್ತರಕ್ಕೆ ಹೊರಡುವ 710ನೇ ಹೆದ್ದಾರಿಯ ಇಕ್ಕೆಲಗಳಲ್ಲೂ ಮನೆ, ಶಾಲೆ, ಆಟದ ಮೈದಾನ. ಹೆಚ್ಚಿನವರು ಲ್ಯಾಟಿನೋ ಮೂಲದ ದುಡಿಯುವ ಜನ. ಈ ಪಟ್ಟಿಗೆ ಅಲ್ಲಿನವರು ‘ಡೀಸೆಲ್ ಸಾವಿನ ವಲಯ’ ಎಂದು ಹೆಸರಿಟ್ಟರು.

ಡೀಸೆಲ್ ಹೊಗೆಯ ಬೆಲೆಯನ್ನು ಅರ್ಥ ಮಾಡಿಕೊಳ್ಳಲು ನಾನು ಈ ಪ್ರಕರಣವನ್ನೇ ಆರಿಸಿಕೊಳ್ಳಲು ಕಾರಣವಿದೆ. ಹಾನಿ ಎಷ್ಟು, ಅದನ್ನು ತಡೆಯಲು ಖರ್ಚೆಷ್ಟು, ಆ ಖರ್ಚು ಯಾರ ಜೇಬಿನಿಂದ ಹೋಯಿತು ಎಂಬ ಮೂರೂ ಪ್ರಶ್ನೆಗಳಿಗೆ ಇಲ್ಲಿ ದಾಖಲೆ ಸಿಗುತ್ತದೆ. ಮೂರನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ.

ಹಳೆಯ ಲಾರಿಗಳ ಕೊನೆಯ ನಿಲ್ದಾಣ

1980ರಲ್ಲಿ ಅಮೆರಿಕ ಲಾರಿ ಸಾಗಣೆಯ ಮೇಲಿನ ಸರ್ಕಾರಿ ಹಿಡಿತವನ್ನು ಸಡಿಲಿಸಿತು. ಬಂದರಿನಿಂದ ಗೋದಾಮಿಗೆ ಕಂಟೇನರ್ ಎಳೆಯುವ ಕೆಲಸದಲ್ಲಿ ಸಂಬಳದ ಚಾಲಕರು ಕಡಿಮೆಯಾಗುತ್ತ ಬಂದು, ಸ್ವಂತ ಲಾರಿ ಇಟ್ಟುಕೊಂಡ ‘ಸ್ವತಂತ್ರ ಗುತ್ತಿಗೆದಾರರು’ ತುಂಬಿಕೊಂಡರು. ಇವರಿಗೆ ಟ್ರಿಪ್ ಲೆಕ್ಕದಲ್ಲಿ ಹಣ. ಗೇಟಿನಲ್ಲಿ ಕಾದ ಗಂಟೆಗಳಿಗೆ ಏನೂ ಇಲ್ಲ. ಡೀಸೆಲ್, ವಿಮೆ, ಟೈರು, ರಿಪೇರಿ ಎಲ್ಲ ಅವರದೇ ತಲೆಮೇಲೆ.

ಹೀಗೆ ದುಡಿಯುವವನು ಹೊಸ ಲಾರಿ ಕೊಳ್ಳುವುದು ಎಲ್ಲಿಂದ ಬಂತು? ದೂರದ ಮಾರ್ಗಗಳಲ್ಲಿ ಲಕ್ಷಾಂತರ ಮೈಲಿ ಓಡಿ, ಕಂಪನಿಗಳು ಮಾರಿಬಿಟ್ಟ ಲಾರಿಗಳು ಕೊನೆಗೆ ಬಂದು ಸೇರುತ್ತಿದ್ದುದು ಬಂದರಿಗೆ. ಕೆಲವೇ ಸಾವಿರ ಡಾಲರ್ ಕೊಟ್ಟರೆ ಒಂದು ಸಿಗುತ್ತಿತ್ತು. 2000ದ ದಶಕದ ನಡುವಿಗೆ ಸುಮಾರು 16,000 ಲಾರಿಗಳು ಈ ಎರಡು ಬಂದರುಗಳಿಗೆ ಓಡಾಡುತ್ತಿದ್ದವು, ಅವುಗಳಲ್ಲಿ ಬಹುಪಾಲು ಹಳೆಯವು. ಗೇಟಿನ ಮುಂದೆ ಎಂಜಿನ್ ಆರಿಸದೆ ಸಾಲುಗಟ್ಟಿ ನಿಲ್ಲುವುದು ದಿನನಿತ್ಯದ ನೋಟ. ಮೂವತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಲಾರಿಯನ್ನು ಹಾಗೆ ಕಾಯಿಸಿದರೆ ಟರ್ಮಿನಲ್‌ಗೆ 250 ಡಾಲರ್ ದಂಡ ಎಂದು 2002ರಲ್ಲಿ ರಾಜ್ಯ ಕಾನೂನು ಮಾಡಿತು. ಅದು ಎಣಿಸುತ್ತಿದ್ದುದು ಗೇಟಿನ ಹೊರಗಿನ ಕಾಯುವಿಕೆಯನ್ನು ಮಾತ್ರ. ಸಾಲು ಕರಗಿದ್ದು ಅಷ್ಟಕ್ಕಷ್ಟೇ.

ಸರಕಿನ ಮಾಲೀಕನಿಗೆ ಇದೆಲ್ಲ ‘ಅಗ್ಗದ ಸಾಗಣೆ’ಯಾಗಿ ಕಾಣುತ್ತಿತ್ತು. ಎಲ್ಲಿ ಅಗ್ಗ ಎಂಬುದಕ್ಕೆ ಉತ್ತರ ಆಸ್ಪತ್ರೆಯ ಲೆಕ್ಕದಲ್ಲಿತ್ತು.

ಎದೆಯೊಳಗಿನ ಲೆಕ್ಕ

ಡೀಸೆಲ್ ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರೋಮೀಟರ್‌ಗಿಂತ ಸಣ್ಣವು. ಮೂಗಿನ ರೋಮ, ಗಂಟಲಿನ ಲೋಳೆ ಇಷ್ಟು ಸಣ್ಣ ಕಣಗಳನ್ನು ಸರಿಯಾಗಿ ಹಿಡಿಯಲಾರವು. ಅವು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಇಂಗಾಲದ ಕಣಕ್ಕೆ ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳು ಮೆತ್ತಿಕೊಂಡಿರುತ್ತವೆ. ಅಲ್ಲಿ ಎದ್ದ ಉರಿಯೂತ ಶ್ವಾಸಕೋಶಕ್ಕಷ್ಟೇ ಸೀಮಿತವಾಗದೆ ರಕ್ತನಾಳ, ಹೃದಯಗಳನ್ನೂ ಮುಟ್ಟುತ್ತದೆ. ಹಾಗಾಗಿಯೇ ಕಣಮಾಲಿನ್ಯದ ಅಕಾಲ ಸಾವುಗಳಲ್ಲಿ ದೊಡ್ಡ ಪಾಲು ಹೃದಯಾಘಾತ, ಪಾರ್ಶ್ವವಾಯುಗಳ ಹೆಸರಿನಲ್ಲಿ ದಾಖಲಾಗುತ್ತದೆ. ಮರಣಪತ್ರದಲ್ಲಿ ‘ಡೀಸೆಲ್’ ಎಂದು ಯಾರೂ ಬರೆಯುವುದಿಲ್ಲ.

ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ 1998ರಲ್ಲಿ ಡೀಸೆಲ್ ಕಣಗಳನ್ನು ವಿಷಕಾರಿ ವಾಯುಮಾಲಿನ್ಯಕಾರಕಗಳ ಪಟ್ಟಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದಿದ್ದ ಡೀಸೆಲ್ ಹೊಗೆಯನ್ನು 2012ರಲ್ಲಿ ‘ಖಚಿತ ಕ್ಯಾನ್ಸರ್‌ಕಾರಕ’ಗಳ ಸಾಲಿಗೆ ಏರಿಸಿತು. ಇತ್ತ ದಕ್ಷಿಣ ಕ್ಯಾಲಿಫೋರ್ನಿಯಾದ ವಾಯು ಗುಣಮಟ್ಟ ನಿರ್ವಹಣಾ ಸಂಸ್ಥೆ 1990ರ ದಶಕದ ಕೊನೆಯಲ್ಲಿ ನಡೆಸಿದ ಅಳತೆಯಲ್ಲಿ, ಆ ಪ್ರದೇಶದ ವಾಯುವಿಷಗಳಿಂದಾಗುವ ಕ್ಯಾನ್ಸರ್ ಅಪಾಯದಲ್ಲಿ ಸುಮಾರು ಶೇ. 70ರಷ್ಟು ಡೀಸೆಲ್ ಕಣಗಳದ್ದೇ ಎಂದು ಕಂಡುಬಂತು.

ಆದರೆ ನನಗೆ ಇವೆಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಮಕ್ಕಳ ಮೇಲಿನ ಅಧ್ಯಯನ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದ ಆರಂಭದಲ್ಲಿ ಹನ್ನೆರಡು ಊರುಗಳ ಶಾಲಾಮಕ್ಕಳನ್ನು ಹಿಂಬಾಲಿಸತೊಡಗಿದರು. ಆ ಊರುಗಳಲ್ಲಿ ಲಾಂಗ್ ಬೀಚ್ ಕೂಡ ಒಂದು. ಪರೀಕ್ಷೆ ಸರಳ. ಮಗು ಎದೆ ತುಂಬ ಉಸಿರೆಳೆದುಕೊಳ್ಳಬೇಕು, ತುಟಿಗಳನ್ನು ಕೊಳವೆಗೆ ಬಿಗಿಯಾಗಿ ಒತ್ತಿ ಒಂದೇ ದಮ್ಮಿಗೆ ಆದಷ್ಟು ಜೋರಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಿತ್ತು ಎಂದು ಯಂತ್ರ ಬರೆದುಕೊಳ್ಳುತ್ತದೆ. ಆರೋಗ್ಯವಂತ ಮಗುವಿನಲ್ಲಿ ಈ ಅಂಕಿ ಬೆಳೆಯುತ್ತ ಹೋಗಬೇಕು, ಏಕೆಂದರೆ ಶ್ವಾಸಕೋಶವೇ ಬೆಳೆಯುತ್ತಿರುತ್ತದೆ. ಹದಿಹರೆಯ ಮುಗಿಯುವ ಹೊತ್ತಿಗೆ ಆ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಅಷ್ಟರಲ್ಲಿ ಕೂಡಿಟ್ಟ ಬಂಡವಾಳವೇ ಮುಂದಿನ ಆಯುಸ್ಸಿಗೆ.

2004ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಹತ್ತರಿಂದ ಹದಿನೆಂಟನೆಯ ವಯಸ್ಸಿನವರೆಗೆ ಎಂಟು ವರ್ಷ ಗಮನಿಸಿದ 1,759 ಮಕ್ಕಳಲ್ಲಿ, ಕಿರುಕಣ ಅತಿ ಹೆಚ್ಚಿದ್ದ ಊರಿನವರಲ್ಲಿ ಶ್ವಾಸಕೋಶದ ಸಾಮರ್ಥ್ಯ ವೈದ್ಯಕೀಯವಾಗಿ ಕಡಿಮೆ ಇದ್ದವರ ಪ್ರಮಾಣ, ಅತಿ ಶುದ್ಧ ಗಾಳಿಯ ಊರಿನವರಿಗಿಂತ ಸುಮಾರು ಐದು ಪಟ್ಟು. 2007ರಲ್ಲಿ ಅದೇ ತಂಡ ಇನ್ನೊಂದು ವಿಷಯ ತೋರಿಸಿತು: ಹೆದ್ದಾರಿಯಿಂದ 500 ಮೀಟರ್ ಒಳಗೆ ಬೆಳೆದ ಮಕ್ಕಳ ಶ್ವಾಸಕೋಶ, 1,500 ಮೀಟರ್ ಆಚೆ ಬೆಳೆದವರಷ್ಟು ಬೆಳೆದಿರಲಿಲ್ಲ. ಅಂದರೆ ಊರಿನ ಸರಾಸರಿ ಗಾಳಿ ಚೆನ್ನಾಗಿದ್ದರೆ ಸಾಲದು, ನಿಮ್ಮ ಮನೆ ಯಾವ ರಸ್ತೆಯ ಪಕ್ಕದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 710ನೇ ಹೆದ್ದಾರಿಯ ಪಕ್ಕದ ಮನೆಗಳಲ್ಲಿ ಯಾರು ಇರುತ್ತಾರೆ ಎಂಬುದನ್ನು ನಿರ್ಧರಿಸುವುದು ಬಾಡಿಗೆ.

ಹಣದ ಲೆಕ್ಕ 2006ರಲ್ಲಿ ಬಂತು. ಬಂದರು ಮತ್ತು ಸರಕು ಸಾಗಣೆಯ ಮಾಲಿನ್ಯದಿಂದ ಇಡೀ ರಾಜ್ಯದಲ್ಲಿ ವರ್ಷಕ್ಕೆ ಸುಮಾರು 2,400 ಅಕಾಲ ಸಾವು, 3,60,000 ಕೆಲಸದ ದಿನಗಳ ನಷ್ಟ, 11 ಲಕ್ಷ ಶಾಲಾ ದಿನಗಳ ನಷ್ಟ, ಒಟ್ಟು 1,900 ಕೋಟಿ ಡಾಲರ್ ಮೌಲ್ಯದ ಹಾನಿ ಎಂದು ವಾಯು ಸಂಪನ್ಮೂಲ ಮಂಡಳಿ ಅಂದಾಜಿಸಿತು. ಈ ಮೊತ್ತದಲ್ಲಿ ಹೆಚ್ಚಿನದು ಸಾವಿನ ಅಪಾಯಕ್ಕೆ ಕಟ್ಟಿದ ಬೆಲೆ. ಅಂಥ ಬೆಲೆ ಕಟ್ಟುವ ಕ್ರಮದ ಬಗ್ಗೆ ತಕರಾರು ಎತ್ತಬಹುದು, ಎತ್ತಿದವರೂ ಇದ್ದಾರೆ. ಆದರೆ ಆ ಸಾಲನ್ನು ಹೊಡೆದುಹಾಕಿದರೂ ಉಳಿಯುವುದು ಸಣ್ಣದಲ್ಲ. ಮಗುವಿಗೆ ದಮ್ಮು ಕಟ್ಟಿದ ದಿನ ಮಗು ಶಾಲೆಗೆ ಹೋಗುವುದಿಲ್ಲ, ತಾಯಿ ಕೆಲಸಕ್ಕೆ ಹೋಗುವುದಿಲ್ಲ. ಗಂಟೆ ಲೆಕ್ಕದ ಕೂಲಿಯವಳಿಗೆ ಅದು ಆ ದಿನದ ಸಂಬಳ. ಕಂಟೇನರ್‌ನ ಸಾಗಣೆ ಬಿಲ್ಲಿನಲ್ಲಿ ಆ ಸಂಬಳ ಎಲ್ಲೂ ನಮೂದಾಗಿರಲಿಲ್ಲ.

ಕೋರ್ಟಿನಿಂದ ಶುರು

ಬಂದರುಗಳು ತಾವಾಗಿ ಎಚ್ಚೆತ್ತವು ಎಂದು ಹೇಳಿದರೆ ತಪ್ಪಾದೀತು. ಲಾಸ್ ಏಂಜಲೀಸ್ ಬಂದರು ಚೀನಾದ ಹಡಗು ಕಂಪನಿಯೊಂದಕ್ಕೆ ಹೊಸ ಟರ್ಮಿನಲ್ ಕಟ್ಟಲು ಹೊರಟಾಗ, ಸ್ಯಾನ್ ಪೆಡ್ರೊದ ಮನೆಮಾಲೀಕರ ಸಂಘಗಳು ಪರಿಸರ ಸಂಘಟನೆಗಳ ಜೊತೆ ಸೇರಿ 2001ರಲ್ಲಿ ದಾವೆ ಹೂಡಿದವು. ಪರಿಸರ ಪರಿಣಾಮದ ಅಧ್ಯಯನ ಸರಿಯಾಗಿ ಆಗಿಲ್ಲ ಎಂಬುದು ಅವರ ವಾದ. 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಕಾಮಗಾರಿ ನಿಲ್ಲಿಸಿತು. 2003ರಲ್ಲಿ ಸುಮಾರು 5 ಕೋಟಿ ಡಾಲರ್‌ಗಳ ರಾಜಿಯಾಯಿತು.

ಆ ರಾಜಿಯ ಒಂದು ಷರತ್ತು ಮುಂದೆ ಲೋಕಕ್ಕೆಲ್ಲ ಮಾದರಿಯಾಯಿತು. ದಡಕ್ಕೆ ಕಟ್ಟಿದ ಹಡಗು ಚಲಿಸುವುದಿಲ್ಲ, ಆದರೂ ಅದರ ಸಹಾಯಕ ಎಂಜಿನ್‌ಗಳು ಹಗಲೂ ರಾತ್ರಿ ಓಡುತ್ತವೆ. ದೀಪ, ಪಂಪು, ಶೀತಲ ಕಂಟೇನರ್‌ಗಳಿಗೆ ವಿದ್ಯುತ್ ಬೇಕಲ್ಲ. ಅವು ಉರಿಸುತ್ತಿದ್ದುದು ಗಂಧಕ ತುಂಬಿದ, ಡಾಂಬರಿನಂಥ ಬಂಕರ್ ಎಣ್ಣೆ. ರಾಜಿಯಂತೆ ಹಡಗಿಗೆ ದಡದಿಂದಲೇ ವಿದ್ಯುತ್ ಕೇಬಲ್ ಎಳೆದು ಎಂಜಿನ್ ಆರಿಸುವ ವ್ಯವಸ್ಥೆ ಬಂತು. 2004ರಲ್ಲಿ ಅದು ಶುರುವಾದಾಗ ಕಂಟೇನರ್ ಹಡಗುಗಳಿಗೆ ಜಗತ್ತಿನಲ್ಲೇ ಅಂಥ ಮೊದಲ ಟರ್ಮಿನಲ್ ಅದು. ಹಾಗಿದ್ದೂ, ಒಪ್ಪಿದ ಕ್ರಮಗಳಲ್ಲಿ ಹಲವನ್ನು ಪೂರ್ತಿಯಾಗಿ ಜಾರಿಗೆ ತಂದಿಲ್ಲ ಎಂದು ಅದೇ ಬಂದರು 2015ರಲ್ಲಿ ಒಪ್ಪಿಕೊಳ್ಳಬೇಕಾಯಿತು. ಕೋರ್ಟ್ ಆದೇಶ ಸಿಕ್ಕಿದ ಮೇಲೂ ಕಣ್ಣಿಟ್ಟಿರಬೇಕಾದವರು ಅದೇ ನೆರೆಹೊರೆಯವರು.

ಮೂರೂಕಾಲು ವರ್ಷದಲ್ಲಿ ಬದಲಾದ ಲಾರಿಗಳು

2006ರ ನವೆಂಬರ್‌ನಲ್ಲಿ ಎರಡೂ ಬಂದರುಗಳು ಜಂಟಿಯಾಗಿ ಶುದ್ಧ ಗಾಳಿ ಕ್ರಿಯಾ ಯೋಜನೆಯನ್ನು ಒಪ್ಪಿದವು. ಅದರ ಬೆನ್ನೆಲುಬು ಲಾರಿ ಕಾರ್ಯಕ್ರಮ. 2008ರ ಅಕ್ಟೋಬರ್ 1ರಿಂದ 1989ಕ್ಕಿಂತ ಹಳೆಯ ಲಾರಿಗಳಿಗೆ ಗೇಟು ಬಂದ್. 2010ರ ಜನವರಿಯಿಂದ 1993ರವರೆಗಿನವಕ್ಕೂ, ಫಿಲ್ಟರ್ ಹಾಕಿಸದ 2003ರವರೆಗಿನವಕ್ಕೂ ಬಂದ್. 2012ರ ಜನವರಿಯಿಂದ ಒಕ್ಕೂಟ ಸರ್ಕಾರದ 2007ರ ಹೊಗೆ ಮಾನದಂಡ ಮುಟ್ಟದ ಯಾವ ಲಾರಿಗೂ ಪ್ರವೇಶವಿಲ್ಲ.

2007ರ ಮಾನದಂಡವೆಂದರೆ ವಾಸ್ತವದಲ್ಲಿ ಕಣ ಹಿಡಿಯುವ ಫಿಲ್ಟರ್. ಪಿಂಗಾಣಿಯಂಥ ವಸ್ತುವಿನಲ್ಲಿ ಸಾವಿರಾರು ಸಣ್ಣ ನಾಳಗಳು, ಒಂದು ಬಿಟ್ಟು ಒಂದರ ಬಾಯಿ ಮುಚ್ಚಿರುತ್ತದೆ. ಹೊಗೆ ಒಳಗೆ ಬಂದ ನಾಳದಲ್ಲಿ ಮುಂದೆ ದಾರಿಯಿಲ್ಲದೆ ಗೋಡೆಯ ರಂಧ್ರಗಳ ಮೂಲಕ ಪಕ್ಕದ ನಾಳಕ್ಕೆ ನುಗ್ಗಬೇಕು. ಮಸಿ ಗೋಡೆಯಲ್ಲೇ ಉಳಿಯುತ್ತದೆ. ಉಳಿದ ಮಸಿಯನ್ನು ಆಗಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಬೂದಿ ಮಾಡಬೇಕು. ಇದಕ್ಕೆ ಗಂಧಕ ಕಡಿಮೆಯಿರುವ ಡೀಸೆಲ್ ಬೇಕೇ ಬೇಕು. ಆ ಡೀಸೆಲ್ 2006ರಿಂದ ಸಿಗತೊಡಗಿತ್ತು. ಫಿಲ್ಟರ್ ಸರಿಯಾಗಿದ್ದರೆ ಕಣಗಳಲ್ಲಿ ಶೇ. 90ರ ಆಸುಪಾಸು ಹೊರಗೆ ಬರುವುದಿಲ್ಲ.

ಹಣ ಎಲ್ಲಿಂದ? ಹೊಸ ಲಾರಿಗೆ ಸುಮಾರು ಒಂದು ಲಕ್ಷ ಡಾಲರ್. ಬಂದರುಗಳು 2009ರ ಫೆಬ್ರುವರಿಯಿಂದ ಹಳೆಯ ಲಾರಿಗಳಲ್ಲಿ ಸಾಗುವ ಸರಕಿನ ಮೇಲೆ ಇಪ್ಪತ್ತಡಿ ಕಂಟೇನರ್‌ಗೆ 35 ಡಾಲರ್, ನಲವತ್ತಡಿಯದಕ್ಕೆ 70 ಡಾಲರ್ ಶುಲ್ಕ ಹಾಕಿದವು. ಹೊಸ ಲಾರಿಗಳಿಗೆ ಸಹಾಯಧನ ಕೊಟ್ಟವು. 2006ರಲ್ಲಿ ಮತದಾರರು ಒಪ್ಪಿದ ರಾಜ್ಯ ಬಾಂಡ್‌ನಲ್ಲಿ ಸರಕು ಸಾಗಣೆಯ ಮಾಲಿನ್ಯ ತಗ್ಗಿಸಲೆಂದೇ 100 ಕೋಟಿ ಡಾಲರ್ ಮೀಸಲಿತ್ತು. ಅದರಿಂದಲೂ ಒಂದಷ್ಟು ಬಂತು.

ಈ 70 ಡಾಲರ್ ಎಂದರೆ ಎಷ್ಟು? ನಲವತ್ತಡಿ ಕಂಟೇನರ್‌ನಲ್ಲಿ ಐದು ಸಾವಿರ ಜೊತೆ ಶೂ ಇವೆ ಎಂದಿಟ್ಟುಕೊಳ್ಳಿ. ಒಂದು ಜೊತೆಯ ಮೇಲೆ ಬೀಳುವ ಹೊರೆ ಒಂದೂವರೆ ಸೆಂಟ್‌ಗಿಂತ ಕಡಿಮೆ. ಶುದ್ಧ ಗಾಳಿ ದುಬಾರಿ, ಉದ್ಯಮ ಮುಳುಗಿಹೋಗುತ್ತದೆ ಎಂಬ ಕೂಗಿನ ಮುಂದೆ ನಾನು ಈ ಒಂದೂವರೆ ಸೆಂಟನ್ನು ಇಡಲು ಬಯಸುತ್ತೇನೆ. ವಾಯು ಸಂಪನ್ಮೂಲ ಮಂಡಳಿಯ 2006ರ ಲೆಕ್ಕದಲ್ಲೂ, ಹಾಕಿದ ಪ್ರತಿ ಡಾಲರ್‌ಗೆ ಮೂರರಿಂದ ಎಂಟು ಡಾಲರ್ ಆರೋಗ್ಯ ಲಾಭವಿತ್ತು.

ಫಲಿತಾಂಶ ಬೇಗ ಕಂಡಿತು. ಬಂದರಿನ ಲಾರಿಗಳ ಕಣಮಾಲಿನ್ಯ ಕೆಲವೇ ವರ್ಷಗಳಲ್ಲಿ ಶೇ. 90ರಷ್ಟು ಇಳಿಯಿತು. ಹಡಗು, ರೈಲು, ಯಾರ್ಡ್ ಯಂತ್ರಗಳನ್ನೆಲ್ಲ ಸೇರಿಸಿದರೆ, 2005ಕ್ಕೆ ಹೋಲಿಸಿ 2018ರಲ್ಲಿ ಲಾಸ್ ಏಂಜಲೀಸ್ ಬಂದರಿನ ಡೀಸೆಲ್ ಕಣ ಶೇ. 87, ಗಂಧಕದ ಆಕ್ಸೈಡ್‌ಗಳು ಶೇ. 98, ಸಾರಜನಕದ ಆಕ್ಸೈಡ್‌ಗಳು ಸುಮಾರು ಶೇ. 60 ಕಡಿಮೆಯಾಗಿದ್ದವು. 2008ರ ಆರ್ಥಿಕ ಕುಸಿತದಿಂದ ಸರಕು ತಗ್ಗಿದ್ದೂ ಆರಂಭದ ಇಳಿಕೆಗೆ ನೆರವಾಗಿದೆ. ಆದರೆ ಸರಕು ಮತ್ತೆ ಏರಿ ಹಳೆಯ ಮಟ್ಟ ದಾಟಿದ ಮೇಲೂ ಕಣ ಏರಲಿಲ್ಲ.

ಸಾರಜನಕದ ಆಕ್ಸೈಡ್‌ಗಳು ಅಷ್ಟು ಇಳಿಯದಿರುವುದಕ್ಕೂ ಕಾರಣವಿದೆ. ಒಂದು, ಹಡಗುಗಳ ದೊಡ್ಡ ಎಂಜಿನ್‌ಗಳಿಗೆ ನಿಯಮ ತಡವಾಗಿ ಬಂತು. ಇನ್ನೊಂದು, ಲಾರಿಯಲ್ಲಿ ಈ ಅನಿಲವನ್ನು ನಿವಾರಿಸುವ ವೇಗವರ್ಧಕ ಕೆಲಸ ಮಾಡಲು ಹೊಗೆ ಬಿಸಿಯಾಗಿರಬೇಕು. ಬಂದರಿನ ಸಾಲಿನಲ್ಲಿ ತೆವಳುವ ಲಾರಿಯ ಸೈಲೆನ್ಸರ್ ಅಷ್ಟು ಕಾಯುವುದೇ ಇಲ್ಲ. ಹೆದ್ದಾರಿಯಲ್ಲಿ ಶುದ್ಧವಾಗಿ ಓಡುವ ಲಾರಿಯೇ ಗೇಟಿನ ಮುಂದೆ, ಅಂದರೆ ಮನೆಗಳ ಹತ್ತಿರ, ಹೆಚ್ಚು ಕಕ್ಕುತ್ತದೆ.

ಚಾಲಕರ ಕಂತು

ಲಾಸ್ ಏಂಜಲೀಸ್ ಬಂದರು ಮೊದಲು ಯೋಚಿಸಿದ್ದು ಹೀಗೆ: ಸಾಗಣೆ ಕಂಪನಿಗಳು ಚಾಲಕರನ್ನು ನೌಕರರನ್ನಾಗಿ ಸೇರಿಸಿಕೊಳ್ಳಲಿ, ಲಾರಿ ಕೊಳ್ಳುವುದು, ನೋಡಿಕೊಳ್ಳುವುದು ಕಂಪನಿಯ ಹೊಣೆಯಾಗಲಿ. ಸಾಗಣೆ ಉದ್ಯಮದ ಸಂಘ ನ್ಯಾಯಾಲಯಕ್ಕೆ ಹೋಯಿತು. ನೌಕರಿಯ ಷರತ್ತನ್ನು 2011ರಲ್ಲಿ ಒಕ್ಕೂಟದ ಮೇಲ್ಮನವಿ ನ್ಯಾಯಾಲಯ ತಳ್ಳಿಹಾಕಿತು. 2013ರಲ್ಲಿ ಸುಪ್ರೀಂ ಕೋರ್ಟ್ ಇನ್ನೆರಡು ಷರತ್ತುಗಳನ್ನು ರದ್ದು ಮಾಡಿತು. ಲಾರಿ ಶುದ್ಧವಾಗಿರಬೇಕೆಂಬ ನಿಯಮ ಉಳಿಯಿತು, ಅದರ ಖರ್ಚು ಯಾರದೆಂಬ ನಿಯಮ ಬಿತ್ತು.

ಆಮೇಲೆ ನಡೆದದ್ದನ್ನು ಓದುವಾಗ ಸಿಟ್ಟು ಬರುತ್ತದೆ. ಹಲವು ಕಂಪನಿಗಳು ಸಹಾಯಧನ ಸಿಕ್ಕಿದ ಲಾರಿಗಳನ್ನು ತಮ್ಮ ಹೆಸರಿಗೆ ಮಾಡಿಕೊಂಡು, ಚಾಲಕರಿಗೆ ‘ಲೀಸ್’ ಕೊಟ್ಟವು. ಕಂತು, ವಿಮೆ, ರಿಪೇರಿ ಎಲ್ಲ ವಾರದ ದುಡಿಮೆಯಲ್ಲಿ ಮುರಿದುಕೊಳ್ಳುವುದು. ಕೆಲಸ ಕಡಿಮೆಯಾದ ವಾರ ಕೈಗೆ ಬರುವ ಚೀಟಿಯಲ್ಲಿ ಮೊತ್ತ ಶೂನ್ಯದ ಹತ್ತಿರ. ಕೆಲಸ ಬಿಟ್ಟರೆ ಅಲ್ಲಿಯವರೆಗೆ ಕಟ್ಟಿದ ಕಂತೂ ಹೋಯಿತು, ಲಾರಿಯೂ ಹೋಯಿತು. ಫಿಲ್ಟರ್ ಮಸಿ ಸುಡಲು ಲಾರಿ ನಿಲ್ಲಿಸಬೇಕಾದಾಗ ಆ ಹೊತ್ತೂ ಚಾಲಕನದೇ ನಷ್ಟ. ನೂರಾರು ಚಾಲಕರು ರಾಜ್ಯದ ಕಾರ್ಮಿಕ ಆಯುಕ್ತರ ಮುಂದೆ ದೂರಿತ್ತರು. ಪ್ರಕರಣದ ಮೇಲೆ ಪ್ರಕರಣದಲ್ಲಿ ಅವರು ‘ಸ್ವತಂತ್ರ ಗುತ್ತಿಗೆದಾರ’ರಲ್ಲ, ನೌಕರರೇ ಎಂದು ತೀರ್ಪಾಗಿ, ಮುರಿದುಕೊಂಡ ಹಣ ವಾಪಸು ಕೊಡಲು ಆದೇಶವಾಯಿತು. ಆದರೂ ಇಂಥ ಆದೇಶ ಕೈಸೇರಲು ವರ್ಷಗಳು ಬೇಕಾದವು.

ಹಿಂದೆ ಹೊಗೆಯ ಬಿಲ್ ಕಟ್ಟುತ್ತಿದ್ದವರು ವಿಲ್ಮಿಂಗ್ಟನ್ನಿನ ಮಕ್ಕಳು. ಅವರ ಪಾಲು ಇಳಿದಾಗ, ಇಳಿದ ಭಾರದಲ್ಲಿ ಒಂದಷ್ಟು ಸರಕಿನ ಮೇಲೆ ಹೋಯಿತು, ಒಂದಷ್ಟು ತೆರಿಗೆದಾರರ ಮೇಲೆ, ಉಳಿದದ್ದು ಅದೇ ಬೀದಿಗಳಲ್ಲಿ ವಾಸಿಸುವ ಚಾಲಕರ ಮೇಲೆ. ಚಾಲಕರಿಗೆ ಕೊಟ್ಟ ಈ ಕಷ್ಟ ಶುದ್ಧ ಗಾಳಿಗೆ ತೆರಲೇಬೇಕಾದ ಬೆಲೆಯಾಗಿತ್ತು ಎಂದು ನಾನು ಒಪ್ಪುವುದಿಲ್ಲ. ಶೂ ಜೊತೆಗೆ ಇನ್ನೊಂದು ಸೆಂಟ್ ಸೇರಿಸಿ, ಆ ಹಣ ಲಾರಿ ಓಡಿಸುವವನಿಗೇ ತಲುಪುವಂತೆ ಮಾಡಿದ್ದರೆ ಈ ಅನ್ಯಾಯದಲ್ಲಿ ಬಹುಪಾಲು ತಪ್ಪುತ್ತಿತ್ತು.

ಮತ್ತೆ ಅದೇ ಕೊಳವೆ

ಗಾಳಿ ಸುಧಾರಿಸಿದ್ದು ಎದೆಗೆ ತಲುಪಿತೇ? 2015ರಲ್ಲಿ ಅದೇ ವಿಶ್ವವಿದ್ಯಾಲಯದ ತಂಡ ಲಾಂಗ್ ಬೀಚ್ ಸೇರಿದಂತೆ ಐದು ಊರುಗಳ ಮೂರು ತಲೆಮಾರಿನ ಮಕ್ಕಳನ್ನು ಹೋಲಿಸಿ ಉತ್ತರ ಕೊಟ್ಟಿತು. 1994–98ರಲ್ಲಿ ಅಳೆದ ಮಕ್ಕಳಲ್ಲಿ, ಹದಿನೈದನೆಯ ವಯಸ್ಸಿಗೆ ಶ್ವಾಸಕೋಶದ ಸಾಮರ್ಥ್ಯ ನಿರೀಕ್ಷಿತ ಮಟ್ಟದ ಶೇ. 80ಕ್ಕಿಂತ ಕೆಳಗಿದ್ದವರು ಶೇ. 7.9. 1997–2001ರ ಗುಂಪಿನಲ್ಲಿ ಶೇ. 6.3. 2007–11ರ ಗುಂಪಿನಲ್ಲಿ ಶೇ. 3.6. ಅಸ್ತಮಾ ಇದ್ದವರಲ್ಲೂ ಇಲ್ಲದವರಲ್ಲೂ ಶ್ವಾಸಕೋಶದ ಬೆಳವಣಿಗೆ ಸುಧಾರಿಸಿತ್ತು.

ಇದರ ಶ್ರೇಯಸ್ಸೆಲ್ಲ ಬಂದರಿನ ಲಾರಿಗಳಿಗೆ ಸಲ್ಲುವುದಿಲ್ಲ. ಕಾರು, ಇಂಧನ, ಕಾರ್ಖಾನೆಗಳ ನಿಯಮಗಳೂ ಅದೇ ಅವಧಿಯಲ್ಲಿ ಬಿಗಿಯಾಗಿದ್ದವು, ಐದು ಊರುಗಳಲ್ಲಿ ಕೆಲವು ಬಂದರಿನಿಂದ ಬಹುದೂರ. ಆದರೆ ಮಾಲಿನ್ಯ ಇಳಿದರೆ ಮಕ್ಕಳ ಎದೆ ಬೆಳೆಯುತ್ತದೆ ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷಿ ಸಿಗುವುದು ಅಪರೂಪ.

ಹಿನ್ನಡೆಯೂ ಆಯಿತು. 2021ರ ಕೊನೆಯಲ್ಲಿ ಸರಕು ಉಕ್ಕಿ ಬಂದು, ನೂರಕ್ಕೂ ಹೆಚ್ಚು ಕಂಟೇನರ್ ಹಡಗುಗಳು ಒಳಬರಲು ಸರದಿ ಕಾದವು. ದಡದ ವಿದ್ಯುತ್ ಕೇಬಲ್ ಲಂಗರು ಹಾಕಿದ ಹಡಗಿಗೆ ತಲುಪುವುದಿಲ್ಲ. ಹಾಗೆ ಲಂಗರು ಹಾಕಿ ಕಾದ ಹಡಗುಗಳ ಸಹಾಯಕ ಎಂಜಿನ್‌ಗಳು ಉರಿಯುತ್ತಲೇ ಇದ್ದವು.

2017ರಲ್ಲಿ ಪರಿಷ್ಕರಿಸಿದ ಯೋಜನೆಯಂತೆ 2030ಕ್ಕೆ ಯಾರ್ಡಿನ ಯಂತ್ರಗಳು, 2035ಕ್ಕೆ ಲಾರಿಗಳು ಹೊಗೆರಹಿತವಾಗಬೇಕು. ಬ್ಯಾಟರಿ ಲಾರಿಗೆ ಡೀಸೆಲ್ ಲಾರಿಯ ಎರಡು ಮೂರು ಪಟ್ಟು ಬೆಲೆ. 2022ರ ಏಪ್ರಿಲ್‌ನಿಂದ ಬಂದರುಗಳು ಇದಕ್ಕಾಗಿ ವಸೂಲು ಮಾಡುತ್ತಿರುವ ಶುಲ್ಕ ಇಪ್ಪತ್ತಡಿ ಕಂಟೇನರ್‌ಗೆ 10 ಡಾಲರ್. 2009ರಲ್ಲಿ ಇದ್ದದ್ದು 35. ಬಂದರಿಗೆ ಹೊಸದಾಗಿ ಸೇರುವ ಲಾರಿಗಳು ಹೊಗೆರಹಿತವಾಗಿರಬೇಕೆಂಬ ರಾಜ್ಯದ ನಿಯಮಕ್ಕೆ ಒಕ್ಕೂಟ ಸರ್ಕಾರದ ಅನುಮತಿ ಬೇಕಿತ್ತು. ಸಲ್ಲಿಸಿದ್ದ ಅರ್ಜಿಯನ್ನು ರಾಜ್ಯ 2025ರ ಜನವರಿಯಲ್ಲಿ ಹಿಂಪಡೆಯಿತು. ಹಾಗಾಗಿ ಈಗ ಬಂದರುಗಳ ಕೈಯಲ್ಲೇ ಉಳಿದಿರುವ ಬಲವಾದ ಸಾಧನ ಆ ಶುಲ್ಕ. ಅದನ್ನು ಏರಿಸಬೇಕು, ಏರಿಸಿ ಬಂದ ಹಣದಿಂದ ಕೊಂಡ ಲಾರಿ ಅದನ್ನು ಓಡಿಸುವವನ ಹೆಸರಿನಲ್ಲಿರಬೇಕು. 2008ರಲ್ಲಿ ಬಿಟ್ಟುಹೋದ ಈ ಎರಡನೆಯ ಅರ್ಧವನ್ನು ಈ ಸಲ ಮೊದಲೇ ಬರೆದಿಡದಿದ್ದರೆ, ಮೂರು ಲಕ್ಷ ಡಾಲರ್‌ನ ಲಾರಿಯ ಕಂತು ಮತ್ತೆ ಚಾಲಕನ ವಾರದ ಚೀಟಿಯಲ್ಲೇ ಬಂದು ಕೂರುತ್ತದೆ.